18 ಮೀಟರ್ ಬರೆದು ಕೊನೆಯ ಏಳು ಸಾಲು ಯಾಕೆ ಬಿಟ್ಟ? ಹುವಾಂಗ್ ತಿಂಗ್‌ಜಿಯನ್ ಸುರುಳಿ ಬಗ್ಗೆ ಮಾತಾಡೋಣ

ಬೋರ್ಡ್ ಮನೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ಅಪ್ಪ ಎರಡು ತಿಂಗಳಿಂದ ನ್ಯೂಜೆರ್ಸಿಯಲ್ಲಿ ನಮ್ಮ ಜೊತೆ ಇದ್ದಾರೆ. ದಾವಣಗೆರೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಬೋರ್ಡ್ ಬರೆದವರು. ಕಿರಾಣಿ ಅಂಗಡಿ, ಲಾರಿ ಹಿಂಭಾಗ, ಶಾಲೆ ಗೋಡೆ, ಎಲೆಕ್ಷನ್ ಗೋಡೆ ಎಲ್ಲ ಬರೆದಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ನಿಂತುಹೋಯಿತು. ಹೋದ ತಿಂಗಳು ಅವರನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ದೊಡ್ಡ ದೊಡ್ಡ ಪೇಂಟಿಂಗ್ ನೋಡಿ ಸುಮ್ಮನೆ ತಲೆ ಆಡಿಸುತ್ತಿದ್ದರು. ಚೀನಾ ವಿಭಾಗದಲ್ಲಿ ಒಂದು ಕೈಬರಹದ ಮುಂದೆ ಮಾತ್ರ ನಿಂತವರು ಕದಲಲೇ ಇಲ್ಲ.

ಮನೆಗೆ ಬಂದ ಮೇಲೆ ಆ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಹುಡುಕುತ್ತಾ ಇನ್ನೊಂದು ಸಿಕ್ಕಿತು. ಇವತ್ತಿನ ಮಾತು ಅದರದ್ದು. ಬರೆದವರು ಹುವಾಂಗ್ ತಿಂಗ್‌ಜಿಯನ್, ಸಾಂಗ್ ವಂಶದ ಕಾಲದವರು, 1045ರಲ್ಲಿ ಹುಟ್ಟಿ 1105ರಲ್ಲಿ ತೀರಿಕೊಂಡರು. ಬರೆದದ್ದು ಸುಮಾರು 1095ರಲ್ಲಿ ಎಂದು ಮ್ಯೂಸಿಯಂ ಹೇಳುತ್ತದೆ. ಕಾಗದದ ಸುರುಳಿ. ಎತ್ತರ 33.7 ಸೆಂಟಿಮೀಟರ್, ಅಂದರೆ ಒಂದು ಅಡಿಗಿಂತ ಚೂರು ಜಾಸ್ತಿ. ಉದ್ದ 18 ಮೀಟರಿಗೂ ಹೆಚ್ಚು! ಸುಮಾರು 1,200 ಅಕ್ಷರ ಇದೆಯಂತೆ. ಜಾನ್ ಕ್ರಾಫರ್ಡ್ ಎಂಬ ಅಮೆರಿಕದ ಸಂಗ್ರಾಹಕರು ಉಯಿಲಿನಲ್ಲಿ ಬಿಟ್ಟುಹೋದ ವಸ್ತುಗಳ ಜೊತೆ ಇದು ಮ್ಯೂಸಿಯಂಗೆ ಬಂತು.

ಲ್ಯಾಪ್‌ಟಾಪನ್ನು ಟಿವಿಗೆ ಸೇರಿಸಿ ಬಲದಿಂದ ಎಡಕ್ಕೆ ನಿಧಾನಕ್ಕೆ ಸರಿಸುತ್ತಾ ಹೋದೆ. ಮೂರು ಸಂಜೆ ಹಿಡಿಯಿತು. ಅಪ್ಪನಿಗೆ ಚೀನೀ ಭಾಷೆಯ ಒಂದಕ್ಷರ ಬರುವುದಿಲ್ಲ. ಆದರೂ ಟಿವಿ ಹತ್ತಿರ ಕುರ್ಚಿ ಎಳೆದುಕೊಂಡು ಬೆರಳಿಟ್ಟು ತೋರಿಸಿದರು. "ಇಲ್ಲಿ ಬ್ರಷ್ ಅದ್ದಿದಾನೆ ನೋಡು. ಇಲ್ಲಿಂದ ಇಲ್ಲೀತನಕ ಒಂದೇ ಓಟ. ಇಲ್ಲಿ ಮಸಿ ತೀರ್ತಾ ಬಂತು, ಗೆರೆ ಒಣಗಿದೆ, ಆದ್ರೂ ಕೈ ಎತ್ತಿಲ್ಲ. ಈ ಅಕ್ಷರಕ್ಕೆ ಮತ್ತೆ ಅದ್ದಿದಾನೆ." ನಾನು ಆಮೇಲೆ ದೊಡ್ಡದು ಮಾಡಿ ನೋಡಿದೆ. ಅವರು ತೋರಿಸಿದ ಜಾಗದಲ್ಲೆಲ್ಲ ಗೆರೆ ಇದ್ದಕ್ಕಿದ್ದಂತೆ ಗಟ್ಟಿ ಕಪ್ಪಾಗಿತ್ತು.

ಒಂಬೈನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಯಾವ ಕ್ಷಣದಲ್ಲಿ ಮಸಿಗೆ ಕೈ ಚಾಚಿದ ಎಂದು ನಮ್ಮ ಮನೆ ಹಾಲ್‌ನಲ್ಲಿ ಕೂತು ಹೇಳಬಹುದಾ? ನನಗೆ ಮೈ ಜುಂ ಅಂದಿತು.

ಈಗ ಕೇಳಬೇಕಾದದ್ದು. ಇದನ್ನು ಚೀನೀಯರು ಓದುತ್ತಾರಾ? ಇಷ್ಟುದ್ದ ಏನು ಬರೆದಿದ್ದಾರೆ? ಅಪ್ಪ ದಿನಾ ಕೇಳುತ್ತಿದ್ದಾರೆ.

ಶೆನ್‌ಜೆನ್ ಹಳಬ

ಮೇಡಂ, ಓದಿ ತುಂಬಾ ಖುಷಿಯಾಯಿತು. ನಾನು ಚೀನಾದಲ್ಲಿ ಆರು ವರ್ಷ ಕೆಲಸ ಮಾಡಿದವನು. ಭಾಷೆ ತಕ್ಕಮಟ್ಟಿಗೆ ಬರುತ್ತದೆ. ನೇರವಾಗಿ ಹೇಳುತ್ತೇನೆ, ಈ ಸುರುಳಿಯನ್ನು ಹಾಗೇ ಕೊಟ್ಟರೆ ನನಗೆ ಓದಲು ಬರುವುದಿಲ್ಲ. ಅಚ್ಚಾದ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡರೆ ಬೆರಳು ಹಿಡಿದು ಹಿಂದೆ ಹಿಂದೆ ಹೋಗಬಹುದು. ಅಲ್ಲಿನ ನನ್ನ ಸ್ನೇಹಿತರಲ್ಲೂ ಬಹಳ ಜನಕ್ಕೆ ಅಷ್ಟೇ ಸಾಧ್ಯ.

ಇದರಲ್ಲಿ ಇರುವುದು ಸಿಮಾ ಚಿಯನ್ ಬರೆದ ಇತಿಹಾಸದ ಒಂದು ಭಾಗ. ಸಿಮಾ ಚಿಯನ್ ಕ್ರಿಸ್ತಪೂರ್ವದ ಹಾನ್ ವಂಶದ ಕಾಲದವನು. ಕತೆ ಅವನಿಗಿಂತ ಹಳೆಯದು. ಚೀನಾ ಇನ್ನೂ ಏಳು ರಾಜ್ಯಗಳಾಗಿ ಬಡಿದಾಡುತ್ತಿದ್ದ ಕಾಲ. ಅಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ ಇದು. ಅಪ್ಪನಿಗೆ ಹೇಳಿ.

ಝಾವೊ ರಾಜನ ಹತ್ತಿರ ಬೆಲೆ ಕಟ್ಟಲಾಗದ ಒಂದು ಹಸಿರುಕಲ್ಲಿನ ಬಿಲ್ಲೆ ಇತ್ತು. ಬಲಿಷ್ಠ ಚಿನ್ ರಾಜ್ಯದ ರಾಜ "ಅದನ್ನು ಕೊಡು, 15 ಊರು ಕೊಡುತ್ತೇನೆ" ಎಂದು ಹೇಳಿ ಕಳಿಸಿದ. ಕೊಟ್ಟರೆ ಮೋಸ ಮಾಡುತ್ತಾನೆ, ಕೊಡದಿದ್ದರೆ ದಂಡೆತ್ತಿ ಬರುತ್ತಾನೆ. ಆಗ ಲಿನ್ ಶಿಯಾಂಗ್‌ರು ಮುಂದೆ ಬಂದ. ದೊಡ್ಡ ಮನೆತನದವನಲ್ಲ, ಅರಮನೆಯ ಒಬ್ಬ ಅಧಿಕಾರಿಯ ಆಶ್ರಯದಲ್ಲಿ ಇದ್ದವನು. "ಊರು ಸಿಕ್ಕರೆ ಕಲ್ಲು ಅಲ್ಲಿರುತ್ತದೆ, ಸಿಗದಿದ್ದರೆ ಮುಕ್ಕಾಗದ ಹಾಗೆ ವಾಪಸ್ ತರುತ್ತೇನೆ" ಎಂದು ಹೋದ. ಚಿನ್ ರಾಜ ಕಲ್ಲನ್ನು ರಾಣಿವಾಸದವರಿಗೆ, ಆಳುಗಳಿಗೆ ತೋರಿಸಿ ನಲಿದನೇ ಹೊರತು ಊರಿನ ಮಾತೇ ಎತ್ತಲಿಲ್ಲ. ಲಿನ್ "ಅದರಲ್ಲಿ ಒಂದು ಕಲೆ ಇದೆ, ಕೊಡಿ ತೋರಿಸುತ್ತೇನೆ" ಎಂದು ಕೈಗೆ ತೆಗೆದುಕೊಂಡ. ಹಿಂದೆ ಸರಿದು ಕಂಬಕ್ಕೆ ಬೆನ್ನು ಕೊಟ್ಟು ನಿಂತ. "ಬಲವಂತ ಮಾಡಿದರೆ ನನ್ನ ತಲೆ, ಈ ಕಲ್ಲು ಎರಡೂ ಈ ಕಂಬಕ್ಕೇ" ಎಂದ. ಅವನ ಕೂದಲು ಸಿಟ್ಟಿಗೆ ನಿಮಿರಿ ಟೋಪಿಯನ್ನೇ ಎತ್ತಿತ್ತು ಎಂದು ಬರೆದಿದ್ದಾನೆ ಸಿಮಾ ಚಿಯನ್. ಕೊನೆಗೆ ಗುಟ್ಟಾಗಿ ಕಲ್ಲನ್ನು ಊರಿಗೆ ದಾಟಿಸಿಬಿಟ್ಟ.

ಆಮೇಲೆ ಕ್ರಿ.ಪೂ. 279ರಲ್ಲಿ ಇಬ್ಬರು ರಾಜರೂ ಮಿಯನ್‌ಚಿ ಎಂಬಲ್ಲಿ ಭೇಟಿಯಾದರು. ಚಿನ್ ರಾಜ ಕುಡಿದು ಝಾವೊ ರಾಜನಿಂದ ತಂತಿವಾದ್ಯ ನುಡಿಸಿಸಿ ಅವಮಾನ ಮಾಡಿದ. ಲಿನ್ ಒಂದು ಮಣ್ಣಿನ ಮಡಕೆ ಹಿಡಿದು ಹೋಗಿ "ನೀವೂ ಇದನ್ನು ಬಾರಿಸಿ" ಎಂದು ಹಟ ಹಿಡಿದ. ಕೊನೆಗೆ ಚಿನ್ ರಾಜ ಒಂದೇಟು ಬಾರಿಸಲೇಬೇಕಾಯಿತು.

ಊರಿಗೆ ಬಂದ ಮೇಲೆ ಲಿನ್‌ಗೆ ಸೇನಾಪತಿ ಲಿಯನ್ ಪೋಗಿಂತ ಮೇಲಿನ ಸ್ಥಾನ ಸಿಕ್ಕಿತು. ಲಿಯನ್ ಪೋ ಕೆಂಡವಾದ. "ನಾನು ಯುದ್ಧ ಗೆದ್ದವನು, ಇವನು ಬರೀ ನಾಲಿಗೆ ಆಡಿಸಿದವನು. ಕಂಡರೆ ಮರ್ಯಾದೆ ತೆಗೆಯುತ್ತೇನೆ" ಎಂದ. ಲಿನ್ ಜಗಳಕ್ಕೆ ನಿಲ್ಲಲಿಲ್ಲ. ಹುಷಾರಿಲ್ಲ ಎಂದು ಆಸ್ಥಾನಕ್ಕೆ ಹೋಗುವುದು ಬಿಟ್ಟ. ದಾರಿಯಲ್ಲಿ ಲಿಯನ್ ಪೋ ದೂರದಲ್ಲಿ ಕಂಡರೆ ಗಾಡಿ ತಿರುಗಿಸಿಬಿಡುತ್ತಿದ್ದ. ಅವನ ಜೊತೆಗಿದ್ದವರಿಗೇ ನಾಚಿಕೆಯಾಯಿತು, "ನಾವು ಹೋಗುತ್ತೇವೆ" ಎಂದರು. ಆಗ ಲಿನ್ ಕೇಳಿದ, "ಚಿನ್ ರಾಜನಿಗೇ ಹೆದರದವನು ಲಿಯನ್ ಪೋಗೆ ಹೆದರುತ್ತೇನಾ? ನಾವಿಬ್ಬರೂ ಇದ್ದೇವೆ ಅಂತಲೇ ಚಿನ್ ಈ ಕಡೆ ತಲೆ ಹಾಕಿಲ್ಲ. ಎರಡು ಹುಲಿ ಕಾದಾಡಿದರೆ ಎರಡೂ ಉಳಿಯುವುದಿಲ್ಲ. ರಾಜ್ಯದ ಕಷ್ಟ ಮೊದಲು, ನನ್ನ ಹಗೆ ಆಮೇಲೆ."

ಸುರುಳಿ ಇಲ್ಲಿಗೆ ನಿಲ್ಲುತ್ತದೆ.

ಕತೆ ಮಾತ್ರ ಇಲ್ಲಿಗೆ ನಿಲ್ಲುವುದಿಲ್ಲ. ಈ ಮಾತು ಲಿಯನ್ ಪೋ ಕಿವಿಗೆ ಬೀಳುತ್ತದೆ. ಅವನು ಅಂಗಿ ಕಳಚಿ, ಬರಿ ಮೈ ಮೇಲೆ ಮುಳ್ಳಿನ ಬರಲು ಹೊತ್ತು, "ಇದರಲ್ಲೇ ಹೊಡಿ" ಎಂಬ ಹಾಗೆ ಲಿನ್ ಬಾಗಿಲಿಗೆ ಬಂದು ಕ್ಷಮೆ ಕೇಳುತ್ತಾನೆ. ಇಬ್ಬರೂ ಪ್ರಾಣಕ್ಕೆ ಪ್ರಾಣ ಕೊಡುವ ಗೆಳೆಯರಾಗುತ್ತಾರೆ. ಈಗಲೂ ಚೀನೀ ಭಾಷೆಯಲ್ಲಿ "ಮುಳ್ಳು ಹೊತ್ತು ಬರುವುದು" ಅಂದರೆ ಮನಸಾರೆ ತಪ್ಪೊಪ್ಪಿಕೊಳ್ಳುವುದು. ಜನ ಕಾಯುವುದೇ ಆ ದೃಶ್ಯಕ್ಕೆ. ಹುವಾಂಗ್ ಅದನ್ನು ಬರೆದಿಲ್ಲ.

ಸುಮ್ನೆ ಕೇಳಿದೆ

ಕತೆ ಚೆನ್ನಾಗಿದೆ ಸರ್. ಆದರೆ ನನ್ನದೊಂದು ಪ್ರಶ್ನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಬರೆಯುವುದು ಓದಲಿಕ್ಕೆ ಅಲ್ವಾ? ಅಲ್ಲಿಯವರಿಗೇ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳದೆ ಓದಲು ಬರದಿದ್ದರೆ ಅದು ಬರಹ ಹೇಗಾಗುತ್ತದೆ? ಚಿತ್ರ ಅನ್ನಬಹುದು. ಕೈಗೆ ಬಂದ ಹಾಗೆ ಗೀಚಿದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ಮಸಿಕಲ್ಲು

ಒಳ್ಳೆ ಪ್ರಶ್ನೆ. ನಾನು ಸಿಂಗಪುರದಲ್ಲಿದ್ದೇನೆ, ನಾಲ್ಕು ವರ್ಷದಿಂದ ಕುಂಚದ ಬರಹ ಕಲಿಯುತ್ತಿದ್ದೇನೆ. ಈ ಓಡುಬರಹಕ್ಕೆ ಇನ್ನೂ ಕೈ ಹಾಕಿಲ್ಲ. ಮೊದಲು ನೇರ ಅಕ್ಷರ ವರ್ಷಗಟ್ಟಲೆ ತಿದ್ದಬೇಕು. ನಮ್ಮ ಟೀಚರ್ ಹೇಳುವುದು, ನಿಲ್ಲಲು ಬಾರದವನು ಓಡಬಾರದು.

ಇದಕ್ಕೆ ತ್ಸಾವ್‌ಶು ಅನ್ನುತ್ತಾರೆ. ತ್ಸಾವ್ ಅಂದರೆ ಹುಲ್ಲು, ಒರಟು ಕರಡು ಎಂಬ ಅರ್ಥವೂ ಇದೆ. ಅದರಲ್ಲೂ ಹುಚ್ಚೋಟದ ಬಗೆಗೆ ಕುವಾಂಗ್‌ತ್ಸಾವ್ ಎಂದು ಹೆಸರು. ಕೇಳಿದರೆ ಮನಸ್ಸಿಗೆ ಬಂದ ಹಾಗೆ ಬರೆಯುವುದು ಅನಿಸುತ್ತದೆ. ಹಾಗಲ್ಲ. ಯಾವ ಅಕ್ಷರ ಹೇಗೆ ಕುಗ್ಗಬೇಕು ಎಂಬುದಕ್ಕೆ ರೂಢಿ ಇದೆ. ಉದಾಹರಣೆಗೆ, ನೀರಿಗೆ ಸಂಬಂಧಿಸಿದ ಅಕ್ಷರಗಳ ಎಡಗಡೆ ಮೂರು ಹನಿ ಇರುತ್ತವೆ. ಓಡುಬರಹದಲ್ಲಿ ಆ ಮೂರು ಹನಿ ಸೇರಿ ಒಂದು ಉದ್ದ ಗೆರೆಯಾಗುತ್ತದೆ. ಕುದುರೆ ಎಂಬ ಅಕ್ಷರದ ಕೆಳಗಿನ ನಾಲ್ಕು ಚುಕ್ಕೆ ಒಂದು ಅಡ್ಡಗೆರೆಯಾಗುತ್ತದೆ. ಕಲಿತವರಿಗೆ ಅದು ಗೀಚಲ್ಲ. ಒಂದು ತಿರುವು ತಪ್ಪಿದರೆ ಬೇರೆಯೇ ಅಕ್ಷರ ಆಗಿಬಿಡುತ್ತದೆ. ಈಗ ಚೀನಾದಲ್ಲಿ ಎಲ್ಲರೂ ಬಳಸುವ ಸರಳ ಅಕ್ಷರಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಈ ಓಡುಬರಹದಿಂದಲೇ ಬಂದವು. ಪುಸ್ತಕ, ಗಾಡಿ, ಪೂರ್ವ ದಿಕ್ಕು, ಈ ಮೂರು ಪದಗಳ ಈಗಿನ ಅಕ್ಷರ ಹಳೇ ಓಡುಬರಹದ ರೂಪವೇ.

ಇನ್ನು, ಚೀನೀ ಅಕ್ಷರದಲ್ಲಿ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಕ್ರಮ ಇದೆ. ಮಕ್ಕಳು ಅದನ್ನು ಕಲಿತೇ ಬೆಳೆಯುತ್ತಾರೆ. ಹಾಗಾಗಿ ಬರೆದದ್ದನ್ನು ನೋಡುವವನ ಕೈಯೊಳಗೂ ಆ ಓಟ ಶುರುವಾಗುತ್ತದೆ. ಕುಂಚ ಎಲ್ಲಿ ಇಳಿಯಿತು, ಎಲ್ಲಿ ತಿರುಗಿತು, ಎಲ್ಲಿ ಹಾರಿತು ಎಂದು ಕಣ್ಣು ಹಿಂಬಾಲಿಸುತ್ತದೆ. ಬೋರ್ಡ್ ಮನೆ ಅಕ್ಕ, ನಿಮ್ಮ ತಂದೆ ಮಾಡಿದ್ದು ಅದೇ. ಪದ ಗೊತ್ತಿಲ್ಲದೆ ಕೈ ಓದಿದರು. ಕಲಿತವರು ಎರಡನ್ನೂ ಓದುತ್ತಾರೆ.

ಮಸಿ ಬಗ್ಗೆ ಒಂದು ಮಾತು. ಪೈನ್ ಮರ ಸುಟ್ಟ ಕಾಡಿಗೆಗೆ ಪ್ರಾಣಿಯ ಅಂಟು ಸೇರಿಸಿ ಕಡ್ಡಿ ಮಾಡುತ್ತಾರೆ. ಕಲ್ಲಿನ ಮೇಲೆ ಚೂರು ನೀರು ಹಾಕಿ ಅದನ್ನು ತೇಯಬೇಕು, ಗಂಧ ತೇಯುವ ಹಾಗೆಯೇ. ಒಂದು ಸಲ ಕಾಗದ ಕುಡಿದರೆ ಮುಗಿಯಿತು, ಅಳಿಸುವ ಹಾಗಿಲ್ಲ, ಮೇಲೆ ತಿದ್ದಿದರೆ ಗೊತ್ತಾಗುತ್ತದೆ. 1,200 ಅಕ್ಷರ ಹಾಗೆ ಬರೆಯುವುದು ಅಂದರೆ ನನಗೆ ಉಸಿರು ಕಟ್ಟುತ್ತದೆ.

ಶಾನುಭೋಗರ ಮೊಮ್ಮಗ

ನಮ್ಮ ಮನೆಯಲ್ಲಿ ತಾತನ ಕಾಲದ ಲೆಕ್ಕದ ಕಾಗದ ಒಂದು ಟ್ರಂಕ್ ತುಂಬಾ ಇದೆ. ಎಲ್ಲ ಮೋಡಿ ಅಕ್ಷರ. ಅಪ್ಪನಿಗೆ ಅರ್ಧ ಬರುತ್ತಿತ್ತು, ನನಗೆ ಏನೂ ಬರುವುದಿಲ್ಲ. ಕೈ ಎತ್ತದೆ ಎಳೆದುಕೊಂಡು ಹೋಗಿರುವುದು ನೋಡಿದರೆ ಈ ಚೀನೀ ಬರಹವೇ ನೆನಪಾಗುತ್ತದೆ. ಎರಡೂ ಒಂದೇ ಥರ ಹುಟ್ಟಿದವಾ?

ಮಸಿಕಲ್ಲು

ಹುಟ್ಟಿದ್ದು ಹೆಚ್ಚುಕಮ್ಮಿ ಹಾಗೇ ಸರ್. ಹಾನ್ ಕಾಲದ ಗುಮಾಸ್ತರು ಬೇಗ ಬೇಗ ಲೆಕ್ಕಪತ್ರ ಬರೆಯಲು ಅಕ್ಷರ ಕುಗ್ಗಿಸುತ್ತಾ ಬಂದರು. ವಾಯವ್ಯದ ಗಡಿ ಠಾಣೆಗಳ ಜಾಗದಲ್ಲಿ ಮರದ ಪಟ್ಟಿಗಳು ಸಿಕ್ಕಿವೆ. ಸೈನಿಕರ ಧಾನ್ಯ, ಸಾಮಾನಿನ ಲೆಕ್ಕ ಎಲ್ಲ ಅವಸರದ ಅಕ್ಷರದಲ್ಲಿ. ವ್ಯತ್ಯಾಸ ಆಮೇಲಿನದು. ಅಲ್ಲಿ ಆ ಅವಸರದ ಅಕ್ಷರವನ್ನೇ ಓದಿದವರು ಕೈಗೆತ್ತಿಕೊಂಡು ಶತಮಾನಗಟ್ಟಲೆ ಬೆಳೆಸಿದರು. ತಾಂಗ್ ಕಾಲದಲ್ಲಿ ಹುವಾಯ್‌ಸು ಎಂಬ ಬೌದ್ಧ ಭಿಕ್ಷು ಇದ್ದ. ಕಾಗದಕ್ಕೆ ದುಡ್ಡಿಲ್ಲದೆ ಬಾಳೆ ನೆಟ್ಟು ಅದರ ಎಲೆ ಮೇಲೆ ತಿದ್ದುತ್ತಿದ್ದನಂತೆ. ಅವನ ಆತ್ಮಕತೆಯ ಸುರುಳಿ 777ನೇ ಇಸವಿಯದು, ತೈಪೆಯ ಅರಮನೆ ಮ್ಯೂಸಿಯಂನಲ್ಲಿದೆ. ಹುವಾಂಗ್ ತಿಂಗ್‌ಜಿಯನ್ ಗಡೀಪಾರಾಗಿ ಹೋದ ಕಡೆ, ಫುಲಿಂಗ್‌ನಲ್ಲಿ ಒಬ್ಬರ ಮನೆಯಲ್ಲಿ ಆ ಬರಹ ನೋಡಿದ ಮೇಲೆಯೇ ಅವನ ಓಡುಬರಹಕ್ಕೆ ನಿಜವಾದ ಜೀವ ಬಂತು ಎಂದು ಹಳಬರು ಹೇಳುತ್ತಾರೆ.

ನಿಮ್ಮ ಟ್ರಂಕ್ ಮಾತ್ರ ದಯವಿಟ್ಟು ಗೆದ್ದಲಿಗೆ ಬಿಡಬೇಡಿ. ಮೋಡಿ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ.

ಬೋರ್ಡ್ ಮನೆ ಹುಡುಗಿ

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಲಾರಿ ಹಿಂದೆ ಬರೆಯುವಾಗಿನ ಎರಡು ಮಾತು ಹೇಳಿದರು, ಹಾಗೇ ಹಾಕುತ್ತೇನೆ.

ಬೋರ್ಡ್ ಬರೆಯುವವರು ಎಡಗೈಯಲ್ಲಿ ಒಂದು ಕೋಲು ಹಿಡಿಯುತ್ತಾರೆ. ಅದರ ತುದಿಗೆ ಬಟ್ಟೆ ಸುತ್ತಿರುತ್ತಾರೆ. ತುದಿಯನ್ನು ಬೋರ್ಡಿನ ಅಂಚಿಗೆ ಒತ್ತಿ, ಬಲಗೈ ಮಣಿಕಟ್ಟನ್ನು ಕೋಲಿನ ಮೇಲೆ ಆನಿಸಿ ಬರೆಯುತ್ತಾರೆ. ಕೈ ನಡುಗಬಾರದಲ್ಲ. ಅಪ್ಪ ಆ ಸುರುಳಿ ನೋಡಿ, "ಇವನು ಕೈಯನ್ನ ಎಲ್ಲೂ ಊರಿಲ್ಲ, ಗೆರೆ ಭುಜದಿಂದ ಬಂದಿದೆ" ಎಂದರು. ಇನ್ನೊಂದು, ನಾವು ಚಪ್ಪಟೆ ಬ್ರಷ್ ಬಳಸಿದರೆ ಗೆರೆಯ ಅಂಚು ಚೂಪಾಗಿ ಬರುತ್ತದೆ. ಇದರಲ್ಲಿ ತುಂಬಾ ಕಡೆ ಗೆರೆ ಎರಡೂ ಬದಿ ದುಂಡಗೆ, ತಂತಿ ಬಗ್ಗಿಸಿದ ಹಾಗೆ ಇದೆ. ಬ್ರಷ್ಷಿನ ತುದಿ ಗೆರೆಯ ಮಧ್ಯದಲ್ಲೇ ಹೋಗಿರಬೇಕು ಎನ್ನುತ್ತಾರೆ. ಸರಿಯಾ?

ಮಸಿಕಲ್ಲು

ಅಯ್ಯೋ, ಪೂರ್ತಿ ಸರಿ! ನಮಗೆ ಮೊದಲ ದಿನದಿಂದ ಹೇಳಿಕೊಡುವುದೇ ಅದು. ಕುಂಚ ನೆಟ್ಟಗೆ, ತುದಿ ಗೆರೆಯ ನಡುವೆ, ಶುರು ಮಾಡಿದ ಚೂಪು ಒಳಗೆ ಅಡಗಬೇಕು. ಹುವಾಂಗ್ ಅದರಲ್ಲಿ ದೊಡ್ಡವನು. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಭುಜದ ಮಾತಿಗೆ ಒಂದು ಸೇರಿಸುತ್ತೇನೆ. ಹುವಾಂಗ್ ತಾನೇ ಬರೆದಿಟ್ಟಿದ್ದಾನೆ. ದೋಣಿಯಲ್ಲಿ ಹೋಗುವಾಗ ಅಂಬಿಗರು ಉದ್ದ ಹುಟ್ಟು ಹಾಕುವುದನ್ನು, ನೀರನ್ನು ಮೀಟುವುದನ್ನು ನೋಡುತ್ತಿದ್ದೆ, ಆಮೇಲೆ ಬರವಣಿಗೆ ಸ್ವಲ್ಪ ಮುಂದುವರಿದ ಹಾಗೆ ಅನಿಸಿತು, ಮನಸ್ಸು ಹೋದಲ್ಲಿಗೆ ಕುಂಚವೂ ಹೋಗತೊಡಗಿತು ಎಂದು. ಆ ಮಾತು ಬಂದದ್ದು ಸಿಚುವಾನ್‌ನ ಇಬಿನ್ ಕಡೆ ಇದ್ದಾಗ, ಅಂದರೆ 1098ರ ಆಮೇಲೆ. ಈ ಸುರುಳಿ 1095ರದ್ದಾದರೆ ಅದಕ್ಕೂ ಮುಂಚಿನದು. ಆದರೂ ಇದನ್ನು ನೋಡುವಾಗ ನನಗೆ ಹುಟ್ಟಿನ ಲಯವೇ ಕಾಣುತ್ತದೆ. ಒತ್ತು, ತಡೆ, ಜಾರು, ಬಿಡು.

ಇತಿಹಾಸ ಓದುಗ

ಗಡೀಪಾರಿನ ವಿಷಯ ಬಂತು, ಅದನ್ನು ಬಿಡಿಸಿ ಹೇಳುತ್ತೇನೆ. ಇಲ್ಲದಿದ್ದರೆ ಆ ಕೊನೆ ಅರ್ಥವಾಗುವುದಿಲ್ಲ.

ಹುವಾಂಗ್ ಕಾಲದಲ್ಲಿ ಆಸ್ಥಾನ ಎರಡು ಬಣವಾಗಿತ್ತು. ಒಂದು ಕಡೆ ಮಂತ್ರಿ ವಾಂಗ್ ಅನ್‌ಶಿ ತಂದ ಹೊಸ ಸುಧಾರಣೆ ಕಾನೂನುಗಳ ಪರ ಇದ್ದವರು. ಇನ್ನೊಂದು ಕಡೆ ಅದಕ್ಕೆ ಒಪ್ಪದವರು. ಹುವಾಂಗ್‌ನ ಗುರು, ಗೆಳೆಯ ಎರಡೂ ಆಗಿದ್ದ ಕವಿ ಸು ಶಿ ಎರಡನೇ ಗುಂಪಿನವನು. ಒಬ್ಬರ ಕೈಗೆ ಅಧಿಕಾರ ಬಂದಾಗ ಇನ್ನೊಬ್ಬರು ಊರು ಬಿಡಬೇಕು. 1094ರಲ್ಲಿ ಸುಧಾರಣೆಯವರ ಕೈ ಮೇಲಾಯಿತು. ಸು ಶಿ ದಕ್ಷಿಣದ ಹುಯ್‌ಜೌಗೆ ಹೋದ. ಹುವಾಂಗ್ ಮೇಲೂ ಕಣ್ಣು ಬಿತ್ತು.

ಅವನ ಮೇಲಿನ ಆರೋಪ ಕೇಳಿ. ಹಿಂದಿನ ಚಕ್ರವರ್ತಿಯ ಕಾಲದ ಅಧಿಕೃತ ಇತಿಹಾಸ ಬರೆಯುವ ಕೆಲಸದಲ್ಲಿ ಅವನಿದ್ದ. ನದಿಯ ಹೂಳೆತ್ತಲು ಸುಧಾರಣೆಯವರು ಕಬ್ಬಿಣದ ಡ್ರ್ಯಾಗನ್ ಉಗುರು ಎಂಬ ಸಾಧನ ತಂದಿದ್ದರು. "ಅದು ಮಕ್ಕಳಾಟದ ಹಾಗಿತ್ತು" ಎಂದು ಹುವಾಂಗ್ ಬರೆದಿದ್ದ. ವಿಚಾರಣೆಯಲ್ಲಿ ಮೊದಲು ಕೇಳಿದ್ದೇ ಅದನ್ನು. ಬೇರೆಯವರು ನಡುಗುತ್ತಿದ್ದಾಗ ಇವನು, "ನಾನು ಆಗ ಅಲ್ಲೇ ಅಧಿಕಾರಿಯಾಗಿದ್ದೆ, ಕಣ್ಣಾರೆ ನೋಡಿದ್ದೇನೆ, ಮಕ್ಕಳಾಟವೇ" ಎಂದ. ಕಿಯನ್‌ಜೌಗೆ ಕಳಿಸಿದರು. ಈಗ ಅದು ಚೊಂಗ್‌ಚಿಂಗ್ ಕಡೆಯ ಪೆಂಗ್‌ಶುಯ್. ಆಮೇಲೆ ಇಬಿನ್‌ಗೆ. ಕೊನೆಗೆ ಇನ್ನೂ ದಕ್ಷಿಣದ ಇಜೌಗೆ, ಅಲ್ಲಿಯೇ 1105ರಲ್ಲಿ ಪ್ರಾಣ ಬಿಟ್ಟ. ಅದಕ್ಕೆ ಒಂದು ವರ್ಷ ಮೊದಲು, 1104ರಲ್ಲಿ, ವಿರೋಧ ಬಣದ 309 ಜನರ ಹೆಸರು ಕಲ್ಲಿನಲ್ಲಿ ಕೆತ್ತಿಸಿದ್ದರು. ಅದರಲ್ಲಿ ಇವನದೂ ಇತ್ತು.

ಈಗ ಯೋಚಿಸಿ. ಬಣ ಜಗಳದಲ್ಲಿ ಊರು ಬಿಟ್ಟವನು, ಅದೇ ಹೊತ್ತಿನಲ್ಲಿ, ಒಂದೇ ರಾಜ್ಯದ ಇಬ್ಬರು ದೊಡ್ಡವರ ಜಗಳದ ಕತೆ ಬರೆಯುತ್ತಾನೆ. "ರಾಜ್ಯದ ಕಷ್ಟ ಮೊದಲು, ನನ್ನ ಹಗೆ ಆಮೇಲೆ" ಎಂಬಲ್ಲಿ ನಿಲ್ಲಿಸುತ್ತಾನೆ. ಇದು ಬೇಕೆಂದೇ ನಿಲ್ಲಿಸಿದ್ದು ಎಂದು ಈ ಸುರುಳಿ ಬಗ್ಗೆ ಬರೆದವರು ಹೇಳುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

ಸುಮ್ನೆ ಕೇಳಿದೆ

ಮತ್ತೆ ನಾನೇ. ಕಾಗದ ಮುಗಿದಿರಬಹುದಲ್ಲ? ಅಥವಾ ಕೈ ಸೋತು ನಿಲ್ಲಿಸಿರಬಹುದು. ನಾವು ಆಮೇಲಿನವರು ದೊಡ್ಡ ಅರ್ಥ ಹಚ್ಚುತ್ತಿದ್ದೇವೇನೋ.

ಶೆನ್‌ಜೆನ್ ಹಳಬ

ಈ ಅನುಮಾನ ನನಗೂ ಇತ್ತು. ಅದಕ್ಕೆ ನಿನ್ನೆ ರಾತ್ರಿ ಅಚ್ಚಾದ ಪಠ್ಯ ತೆಗೆದು ಎಣಿಸಿದೆ. ಲಿನ್ ಮಾತು ಮುಗಿದ ಜಾಗದಿಂದ, ಲಿಯನ್ ಪೋ ಮುಳ್ಳು ಹೊತ್ತು ಬಂದು ಇಬ್ಬರೂ ಗೆಳೆಯರಾಗುವ ತನಕ ಎಷ್ಟು ಅಕ್ಷರ ಗೊತ್ತಾ? 41. ಅಷ್ಟೇ.

ಸುರುಳಿಯಲ್ಲಿ ಒಂದು ಸಾಲಿಗೆ ಸರಾಸರಿ ಆರು ಅಕ್ಷರ ಹಿಡಿದರೂ ಏಳು ಸಾಲು. ಸುಮಾರು 1,200 ಅಕ್ಷರ ಬರೆದವನಿಗೆ ಇನ್ನು 41 ಭಾರವಾಯಿತಾ? ಇನ್ನು ಕಾಗದದ ಮಾತು. ಈ ಸುರುಳಿಗಳು ಹಾಳೆಗೆ ಹಾಳೆ ಅಂಟಿಸಿ ಮಾಡುವಂಥವು, ಬೇಕಾದರೆ ಇನ್ನೊಂದು ಅಂಟಿಸಬಹುದು. ಮೊದಲಿಂದ ಲಿನ್‌ನ ಆ ಮಾತಿನ ತನಕ ಬರೆದು, ಎಲ್ಲರೂ ಕಾಯುವ ಏಳು ಸಾಲಿನ ಮುಂದೆ ಕುಂಚ ಕೆಳಗಿಟ್ಟಿದ್ದಾನೆ. ಸುಸ್ತಾಗಿತ್ತು ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಸುಮ್ನೆ ಕೇಳಿದೆ

41 ಅಂತ ಗೊತ್ತಿರಲಿಲ್ಲ. ಈಗ ನನಗೂ ಒಪ್ಪಿಗೆ. ಎಣಿಸಿದ್ದಕ್ಕೆ ಥ್ಯಾಂಕ್ಸ್ ಸರ್.

ಮಸಿಕಲ್ಲು

ಬೇಕೆಂದೇ ನಿಲ್ಲಿಸಿದ ಎಂಬುದು ನನಗೂ ಸರಿ. ಆದರೆ ಅದು ಬರೀ ಎದುರು ಬಣಕ್ಕೆ ಹೇಳಿದ ಮಾತು ಎಂಬುದನ್ನು ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಸುರುಳಿ ನೋಡುವ ರೀತಿ ನೆನಪಿಡಿ. ಗೋಡೆಗೆ ತೂಗುಹಾಕಿ ನೋಡುವುದಲ್ಲ. ಮೇಜಿನ ಮೇಲಿಟ್ಟು ಎಡಗೈಯಲ್ಲಿ ಬಿಚ್ಚುತ್ತಾ ಬಲಗೈಯಲ್ಲಿ ಸುತ್ತುತ್ತಾ, ಒಂದು ಸಲಕ್ಕೆ ಒಂದು ತೋಳಿನ ಉದ್ದದಷ್ಟೇ ನೋಡುವುದು. ನೋಡುತ್ತಿದ್ದವರು ಒಬ್ಬಿಬ್ಬರು ಗೆಳೆಯರು. ಅವರಿಗೆ ಮುಂದಿನ ಏಳು ಸಾಲು ಬಾಯಿಪಾಠ. ಕೈಯಲ್ಲಿ ಬರಹ ಮುಗಿದ ಮೇಲೂ ಅವರ ಮನಸ್ಸಿನಲ್ಲಿ ಕತೆ ಓಡುತ್ತದೆ. ತನ್ನ ಕಡೆಯವರಿಗೇ "ನಾವೂ ಗಾಡಿ ತಿರುಗಿಸೋಣ" ಎಂದು ಹೇಳಿರಬಹುದು ಅಲ್ವಾ? ಗುರಿ ಯಾರು ಎನ್ನುವುದಕ್ಕಿಂತ ಆ ಮಾತಿನ ಹತ್ತಿರ ಅವನ ಕೈ ಹೇಗಿದೆ ಎಂದು ನೋಡುವುದು ನನಗೆ ಇಷ್ಟ.

ಬೋರ್ಡ್ ಮನೆ ಹುಡುಗಿ

ನಿನ್ನೆ ರಾತ್ರಿ ಊಟ ಆದ ಮೇಲೆ ಆ 41 ಅಕ್ಷರದ ವಿಷಯ ಅಪ್ಪನಿಗೆ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಆ ಏಳು ಸಾಲು ಬರೆಯೋದು ಇವನ ಕೈಯಾಗಿಲ್ಲಮ್ಮ. ಅದನ್ನ ಆ ಕಡೆಯವನು ಬರೀಬೇಕು."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಲಿನ್ ಏನು ಹೇಳಬೇಕೋ ಹೇಳಿದ. ಬಾಗಿಲಿಗೆ ಬರುವುದು ಲಿಯನ್ ಪೋಗೆ ಬಿಟ್ಟದ್ದು. ಅವನು ಬಂದ ಎಂದು ಇವನೇ ಬರೆದರೆ ಸುಳ್ಳಾಗುತ್ತದೆ, ಯಾಕೆಂದರೆ 1095ರಲ್ಲಿ ಯಾರೂ ಬಂದಿರಲಿಲ್ಲ.

ಅಪ್ಪನಿಗೆ ಒಬ್ಬರು ಪಾರ್ಟ್‌ನರ್ ಇದ್ದರು, ಅವರೂ ಬೋರ್ಡ್ ಬರೆಯುವವರೇ. ನಾನು ಅವರ ಹೆಗಲ ಮೇಲೆ ಕೂತು ದುಗ್ಗಮ್ಮನ ಜಾತ್ರೆ ನೋಡಿದ್ದೇನೆ. ಒಂದು ಗೋಡೆ ಕೆಲಸದ ದುಡ್ಡಿಗೆ ಮಾತು ಬಿಟ್ಟರು. ಹದಿನೆಂಟು ವರ್ಷ ಆಯಿತು. ಅಪ್ಪ ನಿನ್ನೆ ಅವರ ಹೆಸರು ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಲ್ಯಾಪ್‌ಟಾಪ್ ತೆಗೆಸಿ ಕೊನೆಯ ಸಾಲುಗಳನ್ನು ಇನ್ನೊಂದು ಸಲ ನೋಡಿದರು.

ಇತಿಹಾಸ ಓದುಗ

ಮೇಡಂ, ನಾನು ಇಷ್ಟು ಓದಿದ್ದರಲ್ಲಿ ಈ ಕೊನೆಗೆ ಇಂಥ ಮಾತು ಎಲ್ಲೂ ನೋಡಿಲ್ಲ. ನಾನು ರಾಜಕೀಯ ಅಂದೆ, ತಂದೆಯವರು ಅದಕ್ಕಿಂತ ಹತ್ತಿರದಿಂದ ನೋಡಿದ್ದಾರೆ.

ಶೆನ್‌ಜೆನ್ ಹಳಬ

ಬೋರ್ಡ್ ಮನೆ ಮೇಡಂ, ನೀವು ನ್ಯೂಜೆರ್ಸಿಯಲ್ಲೇ ಇರುವುದರಿಂದ ಒಂದು ವಿಷಯ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂನಲ್ಲಿ ಇದೇ ಹುವಾಂಗ್ ಬರೆದ ಇನ್ನೊಂದು ಸುರುಳಿ ಇದೆ. 1100ರದ್ದು, ಊರಿಗೆ ಹೊರಟಿದ್ದ ಸೋದರಳಿಯ ಜಾಂಗ್ ದಾತೊಂಗ್‌ಗೆ ಬರೆದುಕೊಟ್ಟದ್ದು. ಇಷ್ಟು ಓಟದ ಬರಹ ಅಲ್ಲ, ಅಕ್ಷರ ಬಿಡಿಬಿಡಿಯಾಗಿ ಇರುತ್ತವೆ. ಗೆರೆಗಳು ನಾಲ್ಕೂ ಕಡೆ ಕೈ ಚಾಚಿದ ಹಾಗೆ ಉದ್ದುದ್ದ.

ಅದರ ಕೊನೆಯಲ್ಲಿ ಅವನು ತನ್ನ ಬಗ್ಗೆ ಬರೆದುಕೊಂಡಿದ್ದಾನೆ. ಊರಿನ ದಕ್ಷಿಣಕ್ಕೆ ಕಟುಕರ ಕೇರಿ ಪಕ್ಕ ಮನೆ, ಕಳೆ ಸೂರಿನ ತನಕ ಬೆಳೆದಿದೆ, ಕಾಡು ಪ್ರಾಣಿಗಳು ನಡೆಯುವ ದಾರಿಯೇ ನನ್ನದೂ ಎನ್ನುತ್ತಾನೆ. ಬಿಸಿಲು ಬೆಚ್ಚಗಿದ್ದ ದಿನ ಕೋಲೂರಿ ಹೊಳೆ ಕಡೆ ಹೋಗುತ್ತೇನೆ ಎನ್ನುತ್ತಾನೆ. ಆಗ ಅವರ ಲೆಕ್ಕದಲ್ಲಿ ಅವನಿಗೆ 56. ಕಾಲು ನೋವು, ಬಗ್ಗಿ ನಮಸ್ಕಾರ ಮಾಡಲೂ ಆಗುವುದಿಲ್ಲ. ಹೊಟ್ಟೆ ಎದೆಯಲ್ಲಿ ಹೆಂಚು ಕಲ್ಲು ಇಟ್ಟುಕೊಂಡ ಹಾಗೆ. ಮುಂದೆ ಇಂಥ ಅಕ್ಷರ ಮತ್ತೆ ಬರೆಯಲು ಆಗುತ್ತದೋ ಇಲ್ಲವೋ ಎಂದು ಮುಗಿಸುತ್ತಾನೆ.

ಹೋಗುವ ಮೊದಲು ಫೋನ್ ಮಾಡಿ ಕೇಳಿ. ಕಾಗದದ ವಸ್ತುಗಳಿಗೆ ಬೆಳಕು ಆಗುವುದಿಲ್ಲ. ಸ್ವಲ್ಪ ಕಾಲ ಇಟ್ಟು ಮತ್ತೆ ಒಳಗೆ ಎತ್ತಿಡುತ್ತಾರೆ.

ಬೋರ್ಡ್ ಮನೆ ಹುಡುಗಿ

ತುಂಬಾ ಥ್ಯಾಂಕ್ಸ್ ಸರ್. ನಮ್ಮ ಮನೆಯಿಂದ ಪ್ರಿನ್ಸ್‌ಟನ್ ದೂರವೇನಲ್ಲ. ನಾಳೆ ಫೋನ್ ಮಾಡುತ್ತೇನೆ. ಹೊರಗೆ ಇಟ್ಟಿಲ್ಲ ಎಂದರೆ ಯಾವಾಗ ಇಡುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಅಪ್ಪ ಊರಿಗೆ ಹೋಗುವುದು ಇನ್ನೂ ಐದು ವಾರ ಇದೆ.

ಕಟುಕರ ಕೇರಿಯ ಭಾಗ ಓದಿದೆ. ಕೊನೆಯ ಮಾತನ್ನು ಅಪ್ಪ ಎರಡು ಸಲ ಓದಿಸಿಕೊಂಡರು. ಅವರ ಬಲಗೈ ಈಗ ಒಂದು ವರ್ಷದಿಂದ ಸ್ವಲ್ಪ ನಡುಗುತ್ತದೆ. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. "ಕೋಲು ಇದ್ರೆ ಇನ್ನೂ ಬರೀತೀನಿ" ಎಂದರು. ಬೆಳಿಗ್ಗೆ ನೋಡಿದರೆ ಗ್ಯಾರೇಜಿನಲ್ಲಿದ್ದ ಹಳೇ ಪೊರಕೆಯ ಹಿಡಿ ಕತ್ತರಿಸಿ, ತುದಿಗೆ ಬಟ್ಟೆ ಸುತ್ತುತ್ತಾ ಕೂತಿದ್ದರು. ಮಸಿಕಲ್ಲು ಅವರೇ, ಒಳ್ಳೆ ಮಸಿಕಡ್ಡಿ, ಕಾಗದ ಇಲ್ಲಿ ಅಂಗಡಿಯಲ್ಲಿ ಏನು ಹೆಸರು ಹೇಳಿ ಕೇಳಬೇಕು?

ಮಸಿಕಲ್ಲು

ಅಕ್ಕ, ಕಾಗದಕ್ಕೆ ಶುವಾನ್ ಎನ್ನುತ್ತಾರೆ. ಏನೂ ಬಳಿಯದ ಹಸಿ ಕಾಗದ, ಮಸಿ ಹರಡದ ಹಾಗೆ ಹದ ಮಾಡಿದ ಕಾಗದ ಎಂದು ಎರಡು ಥರ ಇದೆ. ಹಸಿಯದು ಮಸಿಯನ್ನು ತಕ್ಷಣ ಕುಡಿದು ಹರಡುತ್ತದೆ, ಎನಾಮಲ್ ಪೇಂಟಿನಲ್ಲಿ ಬರೆದು ಅಭ್ಯಾಸ ಇರುವವರಿಗೆ ಮೊದಲು ಕಷ್ಟ. ಹದ ಮಾಡಿದ್ದು ತನ್ನಿ. ಮಸಿಕಡ್ಡಿ ಚಿಕ್ಕದು ಸಾಕು. ಕುಂಚ ಮಾತ್ರ ದುಂಡಗಿನದು ಇರಲಿ, ಕೂದಲು ಉದ್ದ ಇರಲಿ. ಮೊದಲ ದಿನ ಕಾಗದ ಬೇಡ. ಚೀನಾದ ಪಾರ್ಕುಗಳಲ್ಲಿ ವಯಸ್ಸಾದವರು ದೊಡ್ಡ ಕುಂಚ ನೀರಿನಲ್ಲಿ ಅದ್ದಿ ನೆಲದ ಕಲ್ಲಿನ ಮೇಲೆ ಬರೆಯುತ್ತಾರೆ. ನಿಮ್ಮ ಗ್ಯಾರೇಜ್ ಮುಂದಿನ ಸಿಮೆಂಟ್ ನೆಲವೇ ಸಾಕು. ಮೊದಲು ಕನ್ನಡದಲ್ಲೇ ಬರೆಯಲಿ. ಬರೆದದ್ದರ ಫೋಟೋ ಒಣಗುವ ಮುಂಚೆ ತೆಗೆದು ಇಲ್ಲಿ ಹಾಕಿ.